ಹಡಗು ಹತ್ತೋ ಮುಂಚೆ ಯಾವ ಕಾರ್ಡ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೇಲಿ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗೋ ಕ್ರೂಸ್ ಬಗ್ಗೆ ಬರೆದಿದ್ವಲ್ಲ, ಅದಾದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಮುದ್ರದ ಬಗ್ಗೆ ಇರಲೇ ಇಲ್ಲ, ದುಡ್ಡು ಹೇಗೆ ಕಟ್ಟೋದು, ಯಾವ ಕ್ರೆಡಿಟ್ ಕಾರ್ಡ್ ತಗೊಂಡ್ರೆ ಪಾಯಿಂಟ್ ಜಾಸ್ತಿ, ಬ್ಯಾಂಕಿನವರು ಫೋನ್ ಮಾಡಿ ಟ್ರಾವೆಲ್ ಕಾರ್ಡ್ ಅಂತಾರೆ ನಂಬಬಹುದಾ, ಬರೀ ಇವೇ. ನಾನು ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಬಹಳ ವರ್ಷ ಕೂತವಳು, ಜನ ಬಿಲ್ ಹಿಡ್ಕೊಂಡು ಬಂದು ಇದೇನ್ ಮೇಡಂ ಈ ಚಾರ್ಜು ಅಂತ ಕೇಳಿದ್ದು ಎಷ್ಟು ಸಲವೋ ಲೆಕ್ಕ ಇಲ್ಲ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ದಾವಣಗೆರೆಯ ಒಬ್ಬ ಶಿಕ್ಷಕಿ ಕೇಳಿದ್ದಾರೆ: ಮುಂದಿನ ವರ್ಷ ರಿಟೈರ್ ಆಗ್ತೀನಿ. ನಾನು, ನಮ್ಮನೆಯವರು, ನನ್ನ ತಂಗಿ ಮೂರು ಜನ ಮುಂಬೈನಿಂದ ಕಾರ್ಡೀಲಿಯಾ ಹಡಗಿನಲ್ಲಿ ಹೋಗೋಣ ಅಂತಿದ್ದೀವಿ. ಬ್ಯಾಂಕಿನವರು ವರ್ಷಕ್ಕೆ 5,000 ಫೀ ಇರೋ ಟ್ರಾವೆಲ್ ಕಾರ್ಡ್ ತಗೊಳ್ಳಿ, ಲೌಂಜ್ ಫ್ರೀ, ಫಾರೆಕ್ಸ್ ಕಮ್ಮಿ ಅಂತಿದ್ದಾರೆ. ತಗೊಳ್ಲಾ?

ಬೇಡ ಮೇಡಂ. ನಿಮ್ಮ ಈ ಒಂದು ಪ್ರವಾಸಕ್ಕೋಸ್ಕರ ಅಂತಾದ್ರೆ ಖಂಡಿತ ಬೇಡ, ಮೂಗಿಗಿಂತ ಮೂಗುತಿ ಭಾರ ಆಗುತ್ತೆ.

ಯಾಕೆ ಅಂತ ಹೇಳ್ತೀನಿ. ಕಾರ್ಡೀಲಿಯಾ ನಮ್ಮ ದೇಶದ ಕಂಪನಿ, 2021ರಲ್ಲಿ ಶುರುವಾಗಿದ್ದು, ಅದರ ಎಂಪ್ರೆಸ್ ಹಡಗು ಮುಂಚೆ ರಾಯಲ್ ಕೆರಿಬಿಯನ್ ಹತ್ರ ಇತ್ತು, 1990ರಲ್ಲಿ ಓಡಾಟ ಶುರು ಮಾಡಿದ್ದು. ನೀವು ಅವರ ಸೈಟಲ್ಲಿ ಬುಕ್ ಮಾಡಿದ್ರೂ ಇಲ್ಲಿನ ಏಜೆಂಟ್ ಹತ್ರ ಮಾಡಿದ್ರೂ ಬಿಲ್ ಆಗೋದು ರೂಪಾಯೀಲಿ. ರೂಪಾಯಿ ಬಿಲ್‌ಗೆ ಫಾರೆಕ್ಸ್ ಮಾರ್ಕಪ್ (ವಿದೇಶಿ ದುಡ್ಡಲ್ಲಿ ಕಟ್ಟಿದಾಗ ಬ್ಯಾಂಕ್ ಮೇಲೆ ಹಾಕೋ ಚಾರ್ಜು) ಅನ್ನೋದೇ ಇಲ್ಲ, ಆದ್ರಿಂದ ಬ್ಯಾಂಕಿನವರು ಹೇಳಿದ ದೊಡ್ಡ ಲಾಭ ನಿಮ್ಮ ಪಾಲಿಗೆ ಸೊನ್ನೆ. ಇನ್ನು ಲೌಂಜ್, ಅದು ಏರ್‌ಪೋರ್ಟ್‌ನಲ್ಲಿ ಇರೋದು. ನೀವು ದಾವಣಗೆರೆಯಿಂದ ರೈಲಲ್ಲಿ ಮುಂಬೈಗೆ ಹೋಗ್ತೀವಿ ಅಂತ ಪತ್ರದಲ್ಲೇ ಬರೆದಿದ್ದೀರಿ, ಹಡಗು ಹತ್ತೋ ಟರ್ಮಿನಲ್‌ನಲ್ಲಿ ಕಾರ್ಡ್ ತೋರಿಸಿ ಕೂರೋ ಲೌಂಜ್ ಸಿಗುತ್ತೆ ಅಂದ್ಕೋಬೇಡಿ. ಅಲ್ಲದೆ ಈಗ ಬಹಳಷ್ಟು ಬ್ಯಾಂಕಿನವರು ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿದ್ರೆ ಮಾತ್ರ ಲೌಂಜ್ ಅಂತ ಷರತ್ತು ಹಾಕಿಬಿಟ್ಟಿದ್ದಾರೆ, ಕಾರ್ಡ್ ಬಂದ ತಕ್ಷಣ ಹೋಗಿ ಕೂರಕ್ಕೆ ಆಗಲ್ಲ.

5,000 ಫೀ ಅಂದ್ರೆ ಜಿಎಸ್‌ಟಿ ಸೇರಿ 5,900. ನಿಮ್ಮ ಮೂರು ಜನದ ಟಿಕೆಟ್ 1,20,000 ಆಗುತ್ತೆ ಅಂತ ಇಟ್ಕೊಳ್ಳಿ, ಅದರ ಮೇಲೆ ಒಳ್ಳೆ ಕಾರ್ಡೇ ಆದ್ರೂ ಶೇ 2ರಷ್ಟು ವಾಪಸ್ ಬಂದ್ರೆ 2,400. ಲೆಕ್ಕ ಕೂಡಲ್ಲ. ನಿಮ್ಮ ಸಂಬಳದ ಖಾತೆ ಇರೋ ಬ್ಯಾಂಕಿನಲ್ಲೇ ವಾರ್ಷಿಕ ಫೀ ಇಲ್ಲದ ಒಂದು ಸಾದಾ ಕಾರ್ಡ್ ಕೇಳಿ, ರಿಟೈರ್ ಆಗೋ ಮುಂಚೆಯೇ ಕೇಳಿ, ಯಾಕಂದ್ರೆ ಸಂಬಳದ ಸ್ಲಿಪ್ ಇದ್ದಾಗ ಸುಲಭವಾಗಿ ಕೊಡ್ತಾರೆ, ಪೆನ್ಷನ್ ಮೇಲೆ ಸ್ವಲ್ಪ ಸತಾಯಿಸ್ತಾರೆ.

ಬುಕಿಂಗ್ ಮಾಡೋವಾಗ ಮೊದಲ ಪೇಜಲ್ಲಿ ಕಾಣೋ ರೇಟ್ ನೋಡಿ ಖುಷಿ ಪಡಬೇಡಿ, ಕೊನೇ ಪೇಜಿಗೆ ಬರೋ ಹೊತ್ತಿಗೆ ಪೋರ್ಟ್ ಚಾರ್ಜು, ಗ್ರಾಚುಟಿ (ಹಡಗಿನ ಸಿಬ್ಬಂದಿಗೆ ಅಂತ ಹಿಡಿಯೋ ಟಿಪ್ಸ್), ಜಿಎಸ್‌ಟಿ ಎಲ್ಲ ಸೇರ್ಕೊಂಡಿರುತ್ತೆ, ಆ ಕೊನೇ ಮೊತ್ತವನ್ನೇ ಬಜೆಟ್ ಅಂತ ಹಿಡೀರಿ. ನಿಮಗೆ ಪ್ರವಾಸ ಚೆನ್ನಾಗಾಗಲಿ, ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನಾಲ್ಕು ದಿನ ಸಮುದ್ರ ನೋಡ್ಕೊಂಡು ಕೂರೋ ಹಕ್ಕು ನಿಮಗಿದೆ.

ಬೆಂಗಳೂರಿನ ಜಯನಗರದಿಂದ ಐಟಿ ಉದ್ಯೋಗಿ ದಂಪತಿ: ಸಿಂಗಾಪುರದಿಂದ ಹೊರಡೋ ಕ್ರೂಸ್, ನಾವಿಬ್ಬರು ಮತ್ತು ಇಬ್ಬರು ಮಕ್ಕಳು. ಕಂಪನಿ ಸೈಟಲ್ಲಿ ನೇರ ಬುಕ್ ಮಾಡಿದ್ರೆ ಸುಮಾರು 2.5 ಲಕ್ಷಕ್ಕೆ ಸಮ ಆಗೋಷ್ಟು ಡಾಲರ್ ತೋರಿಸ್ತಿದೆ. ನಮ್ಮ ಹತ್ರ ಎರಡು ಟ್ರಾವೆಲ್ ಕಾರ್ಡ್ ಇವೆ, ಟ್ರಾವೆಲ್ ಖರ್ಚಿಗೆ ಹೆಚ್ಚು ಪಾಯಿಂಟ್ ಅಂತ ತಗೊಂಡಿದ್ದು. ಯಾವುದರಲ್ಲಿ ಕಟ್ಟಲಿ?

ಪಾಯಿಂಟ್‌ಗಿಂತ ಮೊದಲು ಒಂದು ಲೆಕ್ಕ ಮಾಡೋಣ. ನಮ್ಮಲ್ಲಿ ಹೆಚ್ಚಿನ ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಕರೆನ್ಸಿ ವ್ಯವಹಾರಕ್ಕೆ ಶೇ 3.5 ಮಾರ್ಕಪ್, ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ. 2,50,000ಕ್ಕೆ ಮಾರ್ಕಪ್ 8,750, ಜಿಎಸ್‌ಟಿ 1,575, ಒಟ್ಟು 10,325 ರೂಪಾಯಿ. ಇದು ಬಿಲ್‌ನಲ್ಲಿ ಬೇರೆ ಸಾಲಾಗಿ ಬರುತ್ತೆ, ಕೆಲವರ ಬಿಲ್‌ನಲ್ಲಿ ಮೊತ್ತದೊಳಗೇ ಸೇರಿಬಿಟ್ಟಿರುತ್ತೆ, ಜನ ನೋಡೋದೇ ಇಲ್ಲ. ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್, ಇನ್ಫಿನಿಯಾ ಥರದ ಕಾರ್ಡ್‌ಗಳಲ್ಲಿ ಮಾರ್ಕಪ್ ಶೇ 2, ಅಲ್ಲಿ ಇದೇ ಲೆಕ್ಕ 5,900ಕ್ಕೆ ಇಳಿಯುತ್ತೆ. ಸ್ಕೇಪಿಯಾ ಫೆಡರಲ್, ಆರ್‌ಬಿಎಲ್ ವರ್ಲ್ಡ್ ಸಫಾರಿ ಇಂಥವು ಮಾರ್ಕಪ್ ಇಲ್ಲ ಅಂತಲೇ ಬಂದ ಕಾರ್ಡ್‌ಗಳು. ಬ್ಯಾಂಕುಗಳು ಷರತ್ತು ಬದಲಾಯಿಸ್ತಾನೇ ಇರ್ತವೆ, ಆದ್ರಿಂದ ಅಪ್ಲೈ ಮಾಡೋ ದಿನ ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್ ಅನ್ನೋ ಪಿಡಿಎಫ್ ತೆಗೆದು ಫಾರಿನ್ ಕರೆನ್ಸಿ ಅನ್ನೋ ಸಾಲು ಹುಡುಕಿ ಓದಿ, ಎರಡು ನಿಮಿಷದ ಕೆಲಸ.

ಈಗ ಪಾಯಿಂಟ್‌ಗೆ ಬರೋಣ. ಇಲ್ಲಿ ಬಹಳ ಜನ ಎಡವೋ ಜಾಗ ಒಂದಿದೆ. ಬ್ಯಾಂಕಿನವರು ಟ್ರಾವೆಲ್ ಅಂದಾಗ ನಾವು ಹಡಗೂ ಅದರಲ್ಲಿ ಸೇರುತ್ತೆ ಅಂದ್ಕೋತೀವಿ, ಆದ್ರೆ ಕಂಪ್ಯೂಟರ್ ನೋಡೋದು ಅಂಗಡಿಯ ನಾಲ್ಕು ಅಂಕಿಯ ಕೋಡ್ ಅಷ್ಟೇ. ಪ್ರತಿ ವ್ಯಾಪಾರಿಗೂ ಇಂಥ ಒಂದು ಕೋಡ್ ಇರುತ್ತೆ, ಮರ್ಚೆಂಟ್ ಕೆಟಗರಿ ಕೋಡ್ ಅಂತಾರೆ. ಕ್ರೂಸ್ ಕಂಪನಿಗಳದ್ದು 4411, ಟ್ರಾವೆಲ್ ಏಜೆನ್ಸಿಗಳದ್ದು 4722, ವಿಮಾನ ಮತ್ತು ಹೋಟೆಲ್‌ಗೆ ಬೇರೆ ಬೇರೆ. ಉದಾಹರಣೆಗೆ ಆಕ್ಸಿಸ್ ಅಟ್ಲಾಸ್ ತಗೊಳ್ಳಿ, ವಿಮಾನ ಕಂಪನಿಗೆ ಅಥವಾ ಹೋಟೆಲ್‌ಗೆ ನೇರವಾಗಿ ಕಟ್ಟಿದ್ರೆ 100 ರೂಪಾಯಿಗೆ 5 ಮೈಲ್ (ಇದೂ ಪಾಯಿಂಟ್ ಥರದ್ದೇ), ಉಳಿದಿದ್ದಕ್ಕೆ 2 ಅನ್ನೋದು ಅದರ ಪದ್ಧತಿ. ಹಡಗು ವಿಮಾನವೂ ಅಲ್ಲ ಹೋಟೆಲ್ಲೂ ಅಲ್ಲ, ಹಾಗಾಗಿ ಅದು ಉಳಿದಿದ್ದು ಅನ್ನೋ ಬುಟ್ಟೀಲಿ ಬೀಳುತ್ತೆ. ನಿಮ್ಮ ಎರಡು ಕಾರ್ಡ್‌ನ ಕಥೆಯೂ ಇದೇ ಥರ ಇರಬಹುದು, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಟ್ರಾವೆಲ್‌ಗೆ ಎಷ್ಟು ಅಂತ ಕೇಳಬೇಡಿ, 4411ಕ್ಕೆ ಎಷ್ಟು ಅಂತ ಕೇಳಿ, ಉತ್ತರವನ್ನ ಇಮೇಲ್‌ನಲ್ಲಿ ಕಳಿಸಿ ಅನ್ನಿ.

ಮಾರ್ಕಪ್‌ಗೆ ಹತ್ತು ಸಾವಿರ ಕೊಟ್ಟು ಪಾಯಿಂಟ್‌ನಲ್ಲಿ ಎರಡೂವರೆಯಿಂದ ಐದು ಸಾವಿರ ಪಡೆಯೋದು ವ್ಯಾಪಾರ ಅಲ್ಲ. ಆದ್ರಿಂದ ನನ್ನ ಮಾತು ಇಷ್ಟು, ಬಿಲ್ ಯಾರು ಹಾಕ್ತಾರೆ, ಯಾವ ಕರೆನ್ಸೀಲಿ ಹಾಕ್ತಾರೆ ಅನ್ನೋದನ್ನ ಮೊದಲು ಗೊತ್ತು ಮಾಡ್ಕೊಳ್ಳಿ, ಕಾರ್ಡ್ ಆರಿಸೋದು ಅದಾದ ಮೇಲೆ.

ಏಜೆಂಟ್ ಹತ್ರ ರೂಪಾಯೀಲಿ ಕಟ್ಟಿದ್ರೆ ಮಾರ್ಕಪ್ ತಪ್ಪುತ್ತಲ್ಲ ಅಂತ ನೀವು ಕೇಳಬಹುದು. ತಪ್ಪುತ್ತೆ ನಿಜ, ಆದ್ರೆ ಅವರು ಡಾಲರ್ ರೇಟನ್ನೇ ಸ್ವಲ್ಪ ಏರಿಸಿ ಹಿಡಿದಿರ್ತಾರೆ, ಕಾರ್ಡ್‌ನಲ್ಲಿ ಕೊಟ್ರೆ ಶೇ 2 ಹೆಚ್ಚಿಗೆ ಅನ್ನೋರೂ ಇದ್ದಾರೆ, ಜೊತೆಗೆ ವಿದೇಶಿ ಟೂರ್ ಪ್ಯಾಕೇಜ್ ಅಂತ ಟಿಸಿಎಸ್, ಅಂದ್ರೆ ಮುಂಗಡ ತೆರಿಗೆ, ಹಿಡೀತಾರೆ. ಈ ಟಿಸಿಎಸ್ 2023ರ ಅಕ್ಟೋಬರ್‌ನಿಂದ ಒಂದು ಮಿತಿವರೆಗೆ ಶೇ 5, ಅದರ ಮೇಲೆ ಶೇ 20 ಇತ್ತು, 2026ರ ಬಜೆಟ್‌ನಲ್ಲಿ ಶೇ 2ಕ್ಕೆ ಇಳಿಸಿದ್ರು. ಅದು ಕಳೆದುಹೋಗೋ ದುಡ್ಡಲ್ಲ, ನಿಮ್ಮ ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿದ್ರೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತೆ, ಆದ್ರೆ ಅಲ್ಲೀವರೆಗೂ ನಿಮ್ಮ ಕೈಯಲ್ಲಿ ಇರಲ್ಲ. ಎರಡೂ ಕಡೆಯ ಕೊನೇ ಮೊತ್ತ ಒಂದು ಹಾಳೆ ಮೇಲೆ ಅಕ್ಕಪಕ್ಕ ಬರೆದು ನೋಡಿ. ಮಕ್ಕಳಿರೋದ್ರಿಂದ ಏಜೆಂಟ್ ಒಳ್ಳೆಯವರಾದ್ರೆ ವೀಸಾ, ಕ್ಯಾಬಿನ್ ಬದಲಾವಣೆ ಇವೆಲ್ಲ ನೋಡ್ಕೋತಾರೆ, ಎರಡು ಮೂರು ಸಾವಿರ ಹೆಚ್ಚು ಕೊಟ್ರೂ ಅದು ನಷ್ಟ ಅಂತ ನಾನು ಹೇಳಲ್ಲ.

ಇನ್ನೊಂದು ವಿಷಯ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಮೊದಲಿಗೆ ಆಫ್ ಆಗಿರುತ್ತೆ. ಮನೇಲಿ ಕೂತಾಗಲೇ ಆಪ್‌ನಲ್ಲಿ ಆನ್ ಮಾಡಿ ಮಿತಿ ಹಾಕಿ. ಸಮುದ್ರದ ಮಧ್ಯೆ ನಿಂತ್ಕೊಂಡು ಒಟಿಪಿಗೆ ಕಾಯೋ ಪರಿಸ್ಥಿತಿ ತಂದ್ಕೋಬೇಡಿ, ಅಲ್ಲಿ ಸಿಗೋ ಹಡಗಿನ ಮೊಬೈಲ್ ನೆಟ್‌ವರ್ಕ್ ಬಲು ದುಬಾರಿ, ಹಡಗು ಬಂದರು ಬಿಟ್ಟ ತಕ್ಷಣ ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕೋದೇ ಕ್ಷೇಮ.

ಶಿವಮೊಗ್ಗದ ಯುವಕ: ಮದುವೆ ಮೇ ತಿಂಗಳಲ್ಲಿ. ಹನಿಮೂನ್‌ಗೆ ಕ್ರೂಸ್, 1 ಲಕ್ಷ ಖರ್ಚು. ಕೈಯಲ್ಲಿ ಅಷ್ಟಿಲ್ಲ, ಕಾರ್ಡ್‌ನಲ್ಲಿ ಕಟ್ಟಿ ಮಿನಿಮಮ್ ಡ್ಯೂ ಕಟ್ಕೊಂಡು ಹೋಗ್ತೀನಿ, ಪಾಯಿಂಟೂ ಬರುತ್ತಲ್ಲ?

ತಮ್ಮಾ, ಮದುವೆಗೆ ಶುಭಾಶಯ. ಆದ್ರೆ ಇದನ್ನ ಮಾತ್ರ ಮಾಡಬೇಡ. ತಿಂಗಳಿಗೆ ಶೇ 3.5 ಬಡ್ಡಿ ಅಂದ್ರೆ ಲಕ್ಷಕ್ಕೆ 3,500, ಬಡ್ಡಿ ಮೇಲೂ ಜಿಎಸ್‌ಟಿ ಇದೆ, 630, ಒಟ್ಟು 4,130 ಒಂದು ತಿಂಗಳಿಗೆ. ಮಿನಿಮಮ್ ಡ್ಯೂ, ಅಂದ್ರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅಂತ ನೀನು ಕಟ್ಟೋದು ಐದು ಸಾವಿರದ ಹತ್ತಿರ ಇರುತ್ತೆ, ಅದರಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತೆ, ಅಸಲು ಅಲ್ಲೇ ಕೂತಿರುತ್ತೆ. ಇನ್ನೂ ಕೆಟ್ಟದ್ದು ಏನಂದ್ರೆ ಹಳೇ ಬಾಕಿ ಇಟ್ಕೊಂಡಿರೋವಾಗ ಆ ಕಾರ್ಡ್‌ನಲ್ಲಿ ಹೊಸದಾಗಿ ಹಾಲು ತರಕಾರಿ ತಗೊಂಡ್ರೂ ಅವತ್ತಿನಿಂದಲೇ ಬಡ್ಡಿ ಶುರು, 45 ದಿನ ಬಡ್ಡಿ ಇಲ್ಲ ಅನ್ನೋ ಮಾತು ಆಗ ಅನ್ವಯ ಆಗಲ್ಲ. ನೋ ಕಾಸ್ಟ್ ಇಎಂಐ ಸಿಕ್ರೆ ಅದು ಇದಕ್ಕಿಂತ ಎಷ್ಟೋ ಮೇಲು, ಆದ್ರೂ ಪ್ರೊಸೆಸಿಂಗ್ ಫೀ ಮತ್ತು ಬಡ್ಡಿ ಭಾಗದ ಮೇಲಿನ ಜಿಎಸ್‌ಟಿ ಕೈಯಿಂದ ಹೋಗುತ್ತೆ, ಇಎಂಐ ಮಾಡಿದ ಖರೀದಿಗೆ ಸಾಮಾನ್ಯವಾಗಿ ಪಾಯಿಂಟೂ ಕೊಡಲ್ಲ. ಆರು ತಿಂಗಳು ಆರ್‌ಡಿ ಕಟ್ಟಿ ನವೆಂಬರ್‌ನಲ್ಲಿ ಹೋಗಿ, ಮೇ ಕೊನೇಲಿ ಮಳೆಗಾಲ ಶುರುವಾದ್ರೆ ಅರಬ್ಬೀ ಸಮುದ್ರ ಹೇಗಿರುತ್ತೆ ಅಂತ ಹೊನ್ನಾವರ ಕಡೆಯ ಮೀನುಗಾರರನ್ನ ಕೇಳಿ ನೋಡು. ಹುಡುಗಿಗೂ ಈ ಲೆಕ್ಕ ತೋರಿಸು, ಅರ್ಥ ಮಾಡ್ಕೋತಾಳೆ.

ಮಂಗಳೂರಿನ ಗೃಹಿಣಿ: ನನ್ನ ಮಗ ಕ್ರೂಸ್ ಹಡಗಿನ ಅಡುಗೆ ವಿಭಾಗದಲ್ಲಿ ಕೆಲಸಕ್ಕೆ ಉಂಟು. ಮನೆಯವರಿಗೆ ಕಡಿಮೆ ದರದಲ್ಲಿ ಟಿಕೆಟ್ ಸಿಗ್ತದೆ ಅಂತ ಕರೀತಿದ್ದಾನೆ. ಕ್ರೆಡಿಟ್ ಕಾರ್ಡ್ ಇಲ್ಲ, ಡೆಬಿಟ್ ಕಾರ್ಡ್ ತಗೊಂಡು ಹೋದ್ರೆ ಸಾಕಾ?

ಡೆಬಿಟ್ ಕಾರ್ಡ್ ಒಂದನ್ನೇ ನಂಬ್ಕೊಂಡು ಹೋಗಬೇಡಿ ಅಮ್ಮ. ಹಡಗಿನಲ್ಲಿ ಕೈಯಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಪದ್ಧತಿ ಇರಲ್ಲ, ಹತ್ತುವಾಗಲೇ ಒಂದು ಕಾರ್ಡ್ ಕೇಳಿ ಅದನ್ನ ನಿಮ್ಮ ರೂಮಿನ ಖಾತೆಗೆ ಜೋಡಿಸ್ತಾರೆ, ನೀವು ಕಾಫಿ ಕುಡಿದ್ರೂ ಟೂರ್ ತಗೊಂಡ್ರೂ ಆ ಖಾತೆಗೆ ಹೋಗುತ್ತೆ. ಆ ಕಾರ್ಡ್ ಮೇಲೆ ಮುಂಚೆಯೇ ಒಂದಿಷ್ಟು ಮೊತ್ತ ಹೋಲ್ಡ್ ಮಾಡ್ತಾರೆ. ಕ್ರೆಡಿಟ್ ಕಾರ್ಡ್ ಆದ್ರೆ ಮಿತಿ ಸ್ವಲ್ಪ ಕಮ್ಮಿ ಕಾಣುತ್ತೆ ಅಷ್ಟೇ, ಡೆಬಿಟ್ ಆದ್ರೆ ನಿಮ್ಮ ಉಳಿತಾಯ ಖಾತೆಯ ನಿಜವಾದ ದುಡ್ಡೇ ಸಿಕ್ಕಿಹಾಕ್ಕೊಳ್ಳುತ್ತೆ, ಇಳಿದು ಮನೆಗೆ ಬಂದ ಮೇಲೂ ಬಿಡುಗಡೆ ಆಗೋಕೆ ಕೆಲವು ದಿನ ಹಿಡಿಯುತ್ತೆ. ಫಾರೆಕ್ಸ್ ಪ್ರೀಪೇಯ್ಡ್ ಕಾರ್ಡ್‌ಗೂ ಇದೇ ತೊಂದರೆ. ನಿಮಗೆ ಆದಾಯದ ದಾಖಲೆ ಇಲ್ಲದಿದ್ರೆ ಎಫ್‌ಡಿ ಇಟ್ಟು ಅದರ ಮೇಲೆ ಕೊಡೋ ಕಾರ್ಡ್ ಕೇಳಿ, ಬಹುತೇಕ ದೊಡ್ಡ ಬ್ಯಾಂಕ್‌ಗಳು ಕೊಡ್ತವೆ, ಎಫ್‌ಡಿಗೆ ಬಡ್ಡಿಯೂ ಬರ್ತಾ ಇರುತ್ತೆ.

ಇಲ್ಲಿ ನನಗೇ ಆಗಿದ್ದೊಂದು ಹೇಳ್ತೀನಿ, ನಿಮಗೆ ಕೆಲಸಕ್ಕೆ ಬರುತ್ತೆ. ನಾವು ಹೋಗಿದ್ದ ಹಡಗಿನಲ್ಲಿ ಕೊನೇ ರಾತ್ರಿ ಹನ್ನೊಂದರ ಸುಮಾರಿಗೆ ರೂಮಿನ ಬಾಗಿಲ ಕೆಳಗಿನಿಂದ ಒಂದು ಹಾಳೆ ಒಳಗೆ ಸರಿದು ಬಂತು, ನಾಲ್ಕು ದಿನದ ಖರ್ಚೆಲ್ಲ ಸಾಲು ಸಾಲಾಗಿ ಟೈಪ್ ಆಗಿತ್ತು, ಕೆಳಗೆ 412 ಡಾಲರ್. ಅದರಲ್ಲಿ ನಾವು ತಗೊಳ್ಳದೇ ಇದ್ದ ಎರಡು ಬಾಟಲ್ ನೀರು ಇತ್ತು, ತೆಗೆಸೋಣ ಅಂತ ಕೆಳಗೆ ರಿಸೆಪ್ಷನ್‌ಗೆ ಹೋದೆ, ನನ್ನ ಮುಂದೆ ಇಪ್ಪತ್ತು ಜನ ಲೈನಲ್ಲಿ ನಿಂತಿದ್ರು, ನನ್ನ ಸರದಿ ಬರೋ ಹೊತ್ತಿಗೆ ನಿದ್ದೆ ಕಣ್ಣಿಗೆ ಬಂದಿತ್ತು. ನೀರನ್ನ ತೆಗೆದ್ರು, ಆಮೇಲೆ ಮೆಷಿನ್ ಮೇಲೆ ಕಾರ್ಡ್ ಇಡಿ ಅಂದ್ರು. ಸ್ಕ್ರೀನ್ ಮೇಲೆ ಎರಡು ಸಾಲು ಬಂತು, ಮೇಲಿನದು ಡಾಲರ್, ಕೆಳಗಿನದು ರೂಪಾಯಿ, ನಾನು ಓದೋ ಮುಂಚೆಯೇ ಕೌಂಟರಿನ ಹುಡುಗಿ ನಿಮ್ಮ ದೇಶದ ದುಡ್ಡಲ್ಲೇ ಸುಲಭ ಅಂತ ಕೆಳಗಿನದ್ದು ಒತ್ತಿಬಿಟ್ಟಳು. ಅವತ್ತಿನ ರೇಟ್ ಪ್ರಕಾರ ಸುಮಾರು 36,000 ಆಗಬೇಕಿದ್ದದ್ದು 38,000 ದಾಟಿತ್ತು. ಮನೆಗೆ ಬಂದ ಮೇಲೆ ಬ್ಯಾಂಕಿನ ಬಿಲ್ ನೋಡಿದ್ರೆ ವಿದೇಶಿ ಅಂಗಡೀಲಿ ರೂಪಾಯೀಲಿ ಕಟ್ಟಿದ್ದಕ್ಕೆ ಅಂತ ಅವರೂ ಶೇ 1ರಷ್ಟು ಬೇರೆ ಹಿಡಿದಿದ್ರು. ಹೀಗೆ ಮೆಷಿನ್‌ನಲ್ಲೇ ಡಾಲರನ್ನ ರೂಪಾಯಿ ಮಾಡೋದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತ ಹೆಸರು. ಮಾರ್ಕಪ್ ಇಲ್ಲದ ಕಾರ್ಡ್ ನನ್ನ ಕೈಯಲ್ಲಿದ್ರೂ ಆ ಒಂದು ಗುಂಡಿ ಒತ್ತಿದ್ದರಿಂದ ಪ್ರಯೋಜನ ಇಲ್ಲದ ಹಾಗಾಯ್ತು. ಆದ್ರಿಂದ ಮೆಷಿನ್ ನಿಮ್ಮ ಕೈಗೆ ತಗೊಳ್ಳಿ, ಡಾಲರ್ ಅಂತ ಇರೋದನ್ನ ನೀವೇ ಒತ್ತಿ, ರೂಪಾಯಿ ಬೇಡ ಅಂತ ಬಾಯಿಬಿಟ್ಟು ಹೇಳಿ. ಬಿಲ್ ತಪ್ಪಿದ್ರೆ ಸರಿ ಮಾಡಿಸೋಕೆ ಕೊನೇ ರಾತ್ರಿವರೆಗೆ ಕಾಯದೆ ಮೂರನೇ ದಿನ ಮಧ್ಯಾಹ್ನವೇ ಹೋಗಿ ಪ್ರಿಂಟ್ ಕೇಳಿ, ಲೈನೇ ಇರಲ್ಲ.

ಮಗ ಮಾಡಿದ ಅಡುಗೆ ಸಮುದ್ರದ ಮಧ್ಯೆ ಕೂತು ಉಣ್ಣೋ ಭಾಗ್ಯ, ಹೋಗಿ ಬನ್ನಿ.

ಅಮೆರಿಕದ ಡಲ್ಲಾಸ್‌ನಿಂದ ಒಬ್ಬ ಓದುಗರು: ಹಾಸನದಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಗ್ಯಾಲ್ವೆಸ್ಟನ್ ಬಂದರಿನಿಂದ ಕ್ರೂಸ್‌ಗೆ ಕರ್ಕೊಂಡು ಹೋಗಬೇಕು. ಕ್ರೂಸ್ ಕಂಪನಿಯ ಹೆಸರಿನ ಕಾರ್ಡ್ ತಗೊಳ್ಲಾ ಅಥವಾ ಸಾಮಾನ್ಯ ಟ್ರಾವೆಲ್ ಕಾರ್ಡಾ?

ನೀವು ಪ್ರತಿ ವರ್ಷ ಅದೇ ಕಂಪನಿ ಹಡಗಿನಲ್ಲಿ ಹೋಗೋರಾದ್ರೆ ಮಾತ್ರ ಕಂಪನಿ ಕಾರ್ಡ್. ಆ ಪಾಯಿಂಟ್ ಹೆಚ್ಚಾಗಿ ಅವರ ಹಡಗಿನಲ್ಲೇ ಕರಗಬೇಕು, ಬೆಂಗಳೂರಿಗೆ ಟಿಕೆಟ್ ಮಾಡಿಸೋಕೆ ಬರಲ್ಲ, ನಿಮಗೆ ಬೇಕಾಗೋದು ಅದು. ಕ್ಯಾಪಿಟಲ್ ಒನ್ ವೆಂಚರ್‌ನಲ್ಲಿ ವರ್ಷಕ್ಕೆ 95 ಡಾಲರ್ ಫೀ, ಯಾವುದಕ್ಕೆ ಖರ್ಚು ಮಾಡಿದ್ರೂ ಡಾಲರ್‌ಗೆ 2 ಮೈಲ್, ಕೋಡ್ ತಲೆನೋವೇ ಇಲ್ಲ. ಚೇಸ್ ಸಫೈರ್ ಪ್ರಿಫರ್ಡ್‌ಗೂ 95 ಡಾಲರ್, ಅಲ್ಲಿ ಕ್ರೂಸ್ ಟ್ರಾವೆಲ್ ಅಂತಲೇ ಲೆಕ್ಕ, ಡಾಲರ್‌ಗೆ 2. ಅದರ ಅಣ್ಣ ಸಫೈರ್ ರಿಸರ್ವ್ 2025ರ ಜೂನ್‌ನಲ್ಲಿ ಫೀಯನ್ನ 550ರಿಂದ 795ಕ್ಕೆ ಏರಿಸಿತು, ಜೊತೆಗೆ ಹೆಚ್ಚು ಪಾಯಿಂಟ್ ಅನ್ನ ನೇರ ಬುಕ್ ಮಾಡಿದ ವಿಮಾನ ಹೋಟೆಲ್‌ಗೆ ಮತ್ತು ತನ್ನದೇ ಪೋರ್ಟಲ್‌ಗೆ ಸೀಮಿತ ಮಾಡಿತು, ಅಂದ್ರೆ ಕ್ರೂಸ್ ಕಂಪನಿಗೆ ನೇರ ಕಟ್ಟಿದ್ರೆ ಡಾಲರ್‌ಗೆ 1 ಅಷ್ಟೇ. ದುಬಾರಿ ಕಾರ್ಡ್ ಹಡಗಿಗೆ ಕಮ್ಮಿ ಕೊಡುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕಾರ್ಡ್ ತಗೊಳ್ಳೋ ಸಮಯ ಹೊಂದಿಸಿ. ಹೊಸ ಕಾರ್ಡ್‌ಗಳಲ್ಲಿ ಮೊದಲ ಮೂರು ತಿಂಗಳಲ್ಲಿ ಇಷ್ಟು ಸಾವಿರ ಡಾಲರ್ ಖರ್ಚು ಮಾಡಿದ್ರೆ ಬೋನಸ್ ಅಂತ ಇರುತ್ತೆ, ಕ್ರೂಸ್‌ನ ಕೊನೇ ಕಂತು ಕಟ್ಟೋದು ಸಾಮಾನ್ಯವಾಗಿ ಹೊರಡೋಕೆ 75ರಿಂದ 90 ದಿನ ಮುಂಚೆ, ಆ ಕಂತು ಬೋನಸ್‌ನ ಮೂರು ತಿಂಗಳೊಳಗೆ ಬರೋ ಹಾಗೆ ನೋಡ್ಕೊಳ್ಳಿ.

ಆದ್ರೆ ನಾನು ನಿಮಗೆ ಒತ್ತಿ ಹೇಳೋದು ಪಾಯಿಂಟ್ ಬಗ್ಗೆ ಅಲ್ಲ, ನಿಮ್ಮ ತಂದೆಗೆ 71, ಶುಗರ್ ಇದೆ ಅಂತ ಬರೆದಿದ್ದೀರಿ, ಅದರ ಬಗ್ಗೆ. ಕಾರ್ಡ್ ಜೊತೆ ಬರೋ ಟ್ರಿಪ್ ಇನ್ಶೂರೆನ್ಸ್ ಅಂದ್ರೆ ಮುಖ್ಯವಾಗಿ ಪ್ರಯಾಣ ರದ್ದಾದ್ರೆ ಕಟ್ಟಿದ ದುಡ್ಡಿಗೆ ರಕ್ಷಣೆ, ಪ್ರಿಫರ್ಡ್‌ನಲ್ಲಿ ಒಬ್ಬರಿಗೆ 10,000 ಡಾಲರ್‌ವರೆಗೆ ಇದೆ, ಆದ್ರೆ ಮುಂಚೆಯೇ ಇದ್ದ ಕಾಯಿಲೆಯಿಂದ ರದ್ದಾದ್ರೆ ಕೊಡಲ್ಲ ಅನ್ನೋ ಷರತ್ತು ಅದರಲ್ಲಿದೆ. ಹಡಗಿನ ಡಾಕ್ಟರ್ ಬಿಲ್ ಬೇರೆ, ಅದೂ ರೂಮ್ ಖಾತೆಗೇ ಬೀಳುತ್ತೆ. ಹೆಲಿಕಾಪ್ಟರ್‌ನಲ್ಲಿ ಎತ್ತಿಕೊಂಡು ಹೋಗಬೇಕಾದ್ರೆ ಅದರ ಖರ್ಚು ಸಾವಿರಾರು ಡಾಲರ್. ಅಪ್ಪ ಅಮ್ಮನಿಗೆ ಮಾಡಿಸಿರೋ ವಿಸಿಟರ್ ಇನ್ಶೂರೆನ್ಸ್ ಅಮೆರಿಕದ ಹೊರಗೆ, ಸಮುದ್ರದಲ್ಲಿ ನಡೆಯುತ್ತಾ ಅಂತ ಬರವಣಿಗೇಲಿ ಕೇಳಿ. ಕ್ರೂಸ್‌ಗೆ ಅಂತಲೇ ಬೇರೆ ಪಾಲಿಸಿ ತಗೊಳ್ಳಿ, ಮೊದಲ ಡಿಪಾಸಿಟ್ ಕಟ್ಟಿ ಎರಡು ಮೂರು ವಾರದೊಳಗೆ ತಗೊಂಡ್ರೆ ಹಳೇ ಕಾಯಿಲೆಯ ಷರತ್ತು ಬಿಟ್ಟುಕೊಡೋ ಪಾಲಿಸಿಗಳಿವೆ, ಅಮೆರಿಕದ ನಿವಾಸಿ ಅಲ್ಲದವರಿಗೂ ಕೊಡ್ತಾರಾ ಅಂತ ಕೇಳೇ ತಗೊಳ್ಳಿ. ಅವರ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತಲೂ ಪಾಸ್‌ಪೋರ್ಟ್ ತೆಗೆದು ನೋಡಿ, ಹಡಗು ಮೆಕ್ಸಿಕೋ ಮುಟ್ಟಿ ವಾಪಸ್ ಬರುತ್ತಲ್ಲ.

ಮೈಸೂರು, ಬ್ಯಾಂಕ್ ನಿವೃತ್ತರು: ಹಳೇ ಕಾರ್ಡ್‌ನಲ್ಲಿ 40,000 ಪಾಯಿಂಟ್ ಇವೆ, ಕ್ರೂಸ್‌ಗೆ ಬಳಸಬಹುದಾ?

ನೇರವಾಗಿ ಹಡಗಿನ ಟಿಕೆಟ್‌ಗೆ ಬಳಸೋ ದಾರಿ ನಮ್ಮ ಕಾರ್ಡ್‌ಗಳಲ್ಲಿ ಅಪರೂಪ. ವಿಮಾನಕ್ಕೆ ಬಳಸಿ, ಮೈಲ್ ಆಗಿ ವರ್ಗಾಯಿಸಿದ್ರೆ ಒಂದು ಪಾಯಿಂಟ್‌ಗೆ ಹೆಚ್ಚು ಬೆಲೆ ಬರೋದು ಅಲ್ಲೇ, ಮಿಕ್ಸಿ ಕುಕ್ಕರ್ ತಗೊಂಡ್ರೆ ತೀರಾ ಕಮ್ಮಿ. ಅವಧಿ ಮುಗಿಯೋ ದಿನಾಂಕ ಸ್ಟೇಟ್‌ಮೆಂಟ್‌ನಲ್ಲಿ ಇದೆಯಾ ಅಂತ ಇವತ್ತೇ ನೋಡಿ ಸಾರ್.

ಹುಬ್ಬಳ್ಳಿಯ ವ್ಯಾಪಾರಿ: ಕ್ರೂಸ್‌ಗಂತ ಒಂದ್ ಏಜೆನ್ಸಿಗೆ ರೊಕ್ಕ ಕಟ್ಟಿದ್ವಿರಿ, ನನ್ನ ಕ್ರೆಡಿಟ್ ಕಾರ್ಡ್‌ನ್ಯಾಗ 64,000, ನಮ್ಮ ಮನಿಯವ್ರ ಫೋನ್‌ನಿಂದ ಯುಪಿಐ 20,000. ಟ್ರಿಪ್ ಕ್ಯಾನ್ಸಲ್ ಆತು ಅಂದ್ರು, ರಿಫಂಡ್ ಇಲ್ಲ, ಮುಂದ ಇನ್ನೊಂದ್ ಟ್ರಿಪ್‌ಗೆ ಬಳಸಾಕ ಕ್ರೆಡಿಟ್ ನೋಟ್ ಕೊಡ್ತೀವಿ ಅಂತಾರ. ಹೋಗಬೇಕಾದ ತಾರೀಖು ಮುಗಿದು 70 ದಿನ ಆತು. ಏನ್ ಮಾಡ್ಲಿ?

ನಿಮ್ಮ ಪತ್ರ ಓದಿ ಮೊದಲು ಮಾಡಿದ್ದು ದಿನ ಎಣಿಸಿದ್ದು. ವೀಸಾ, ಮಾಸ್ಟರ್‌ಕಾರ್ಡ್ ಪದ್ಧತೀಲಿ ಸೇವೆ ಸಿಗಲಿಲ್ಲ ಅಂತ ದೂರು ಕೊಡೋಕೆ ಸಾಮಾನ್ಯವಾಗಿ ಸೇವೆ ಸಿಗಬೇಕಿದ್ದ ದಿನದಿಂದ 120 ದಿನ ಇರುತ್ತೆ. ನಿಮಗೆ ಉಳಿದಿರೋದು 50, ಈ ಪತ್ರಿಕೆ ನಿಮ್ಮ ಕೈಗೆ ಬರೋ ಹೊತ್ತಿಗೆ ಇನ್ನೂ ಕಮ್ಮಿ. ಏಜೆನ್ಸಿಯವರು ನಾಳೆ ನಾಡಿದ್ದು ಅಂತ ಎಳೆಯೋದು ಇದಕ್ಕೇ ಇರಬಹುದು ಇಲ್ಲದೇ ಇರಬಹುದು, ಆದ್ರೆ ಗಡಿಯಾರ ಓಡ್ತಾ ಇರೋದು ನಿಮ್ಮ ದುಡ್ಡಿಗೆ.

ಇಂಥದ್ದು ದೊಡ್ಡ ಕಂಪನಿಗಳಲ್ಲೂ ಆಗಿದೆ. 2019ರಲ್ಲಿ ಮುಂಬೈನಿಂದ ಕರ್ಣಿಕಾ ಹಡಗು ಬಿಟ್ಟ ಜಲೇಶ್ ಕ್ರೂಸಸ್ ಕೋವಿಡ್ ಹೊಡೆತಕ್ಕೆ 2020ರಲ್ಲೇ ಬಾಗಿಲು ಹಾಕಿತು, ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯ್ತು. 2022ರ ಜನವರೀಲಿ ಗೆಂಟಿಂಗ್ ಹಾಂಗ್‌ಕಾಂಗ್ ದಿವಾಳಿ ಅರ್ಜಿ ಹಾಕಿದಾಗ ಅದರ ಕ್ರಿಸ್ಟಲ್ ಸಿಂಫನಿ ಹಡಗು ಇಂಧನದ ಬಾಕಿಗೆ ಮಿಯಾಮೀಲಿ ಜಪ್ತಿ ಆಗುತ್ತೆ ಅಂತ ಪ್ರಯಾಣಿಕರ ಸಮೇತ ಬಹಾಮಾಸ್ ಕಡೆ ತಿರುಗಿತು. ಇಂಥ ಹೊತ್ತಲ್ಲಿ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದವರಿಗೆ ಬ್ಯಾಂಕಿನ ಮೂಲಕ ಕೇಳೋ ಒಂದು ಬಾಗಿಲು ಇರುತ್ತೆ, ನಗದು ಕೊಟ್ಟವರಿಗೆ ಅದೂ ಇರಲ್ಲ. ನನ್ನ ಮಟ್ಟಿಗೆ ಕ್ರೂಸ್‌ಗೆ ಕ್ರೆಡಿಟ್ ಕಾರ್ಡ್ ಬಳಸೋಕೆ ಇರೋ ಅತಿ ದೊಡ್ಡ ಕಾರಣ ಇದೇ, ಲೌಂಜೂ ಅಲ್ಲ ಮೈಲೂ ಅಲ್ಲ.

ಈಗ ನೀವು ಮಾಡಬೇಕಾದ್ದು. 64,000ದ ವಿಷಯಕ್ಕೆ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ ಫಾರ್ಮ್ ತುಂಬಿ, ಕಾರಣದ ಜಾಗದಲ್ಲಿ ಸೇವೆ ಕೊಟ್ಟಿಲ್ಲ ಅಂತಲೇ ಬರೀರಿ, ಮನಸ್ಸು ಬದಲಾಯ್ತು ಅನ್ನೋ ಅರ್ಥ ಬರೋ ಒಂದು ಪದವೂ ಬೇಡ. ಜೊತೆಗೆ ಬುಕಿಂಗ್ ರಸೀದಿ, ಅವರೇ ಕ್ಯಾನ್ಸಲ್ ಅಂತ ಕಳಿಸಿದ ಮೆಸೇಜ್‌ನ ಪ್ರಿಂಟ್, ನೀವು ರಿಫಂಡ್ ಕೇಳಿದ ಇಮೇಲ್, ಇವು ಬೇಕೇಬೇಕು. ಇಮೇಲ್ ಇನ್ನೂ ಕಳಿಸಿಲ್ಲ ಅಂದ್ರೆ ಈ ರಾತ್ರಿಯೇ ಎರಡು ಸಾಲು ಬರೆದು ಕಳಿಸಿ, ಕ್ರೆಡಿಟ್ ನೋಟ್ ನನಗೆ ಒಪ್ಪಿಗೆ ಇಲ್ಲ ಅಂತ ಸ್ಪಷ್ಟವಾಗಿ. ಯಾಕಂದ್ರೆ ಕ್ರೆಡಿಟ್ ನೋಟ್ ಒಪ್ಪಿ ಸಹಿ ಹಾಕಿಬಿಟ್ರೆ ಬ್ಯಾಂಕಿನವರು ನೀವೇ ಒಪ್ಪಿದ್ದೀರಲ್ಲ ಅಂತಾರೆ. ದೂರು ಕೊಟ್ಟ ನಂಬರ್ ಬರೆದಿಟ್ಕೊಳ್ಳಿ, ಬ್ಯಾಂಕಿನವರು 30 ದಿನದಲ್ಲಿ ಉತ್ತರ ಕೊಡದಿದ್ರೆ ಅಥವಾ ಒಪ್ಪದ ಉತ್ತರ ಕೊಟ್ರೆ ರಿಸರ್ವ್ ಬ್ಯಾಂಕ್‌ನ ಓಂಬುಡ್ಸ್‌ಮನ್‌ಗೆ (ಬ್ಯಾಂಕ್‌ಗಳ ಮೇಲಿನ ದೂರು ಕೇಳೋ ಅಧಿಕಾರಿ) ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಅದಕ್ಕೆ ಖರ್ಚಿಲ್ಲ.

ಯುಪಿಐನಲ್ಲಿ ಹೋದ 20,000 ಕ್ರೆಡಿಟ್ ಕಾರ್ಡ್‌ನ ಈ ದೂರಿನಲ್ಲಿ ಸೇರಲ್ಲ, ಖಾತೆಯಿಂದ ನೇರ ಹೋದ ದುಡ್ಡು ಅದು. ಅದಕ್ಕೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ, 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, ವಕೀಲರು ಇಲ್ಲದೆ ನೀವೇ ಹೋಗಿ ಹೇಳಿಕೊಳ್ಳಬಹುದು. ಬ್ಯಾಂಕಿನ ಫಾರ್ಮ್ ಮಾತ್ರ ಈ ವಾರವೇ ಕೊಡ್ರಿ, ಸ್ವೀಕೃತಿ ಸಿಕ್ಕಿದ ಮೇಲೆ ನನಗೊಂದು ಸಾಲು ಬರೀರಿ, ಮುಂದೆ ಏನು ಅಂತ ನೋಡೋಣ.